ತಾರೀಖು ಬಿಟ್ಟ ಅರ್ಜಿ

ಹಿರೇಕಟ್ಟೆ ಠಾಣೆಯ ಎದುರಿನ ಜಗಲಿಯಲ್ಲಿ ಇಪ್ಪತ್ತೆರಡು ವರ್ಷ ಅರ್ಜಿ ಬರೆದ ಸಂಪತ್ಕುಮಾರಾಚಾರ್ಯರಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಬರೆಯುವ ಕೆಲಸವಿಲ್ಲದಿದ್ದರೆ ಮಸಿಕುಡಿಕೆಯ ಮುಚ್ಚಳ ತೆಗೆಯುವುದು, ಹಾಕುವುದು, ಕಾಗದದ ಕಟ್ಟು ಬಡಿದು ಅಂಚು ಸರಿಮಾಡುವುದು. ಬೇಲೂರಿಗೂ ಹಳೇಬೀಡಿಗೂ ನಡುವಿನ ಆ ಊರಲ್ಲಿ ಬಸ್ಸು ನಿಂತು ಹೊರಡುವಷ್ಟರಲ್ಲಿ ಅವರು ಮೂರು ಸಲ ಎದ್ದು ಕೂತಿರುತ್ತಿದ್ದರು. ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗೆ. ಅವರ ಅರ್ಜಿಗೆ ಯಾವ ಕಚೇರಿಯಲ್ಲೂ ಕೊಕ್ಕೆ ಹಾಕುವುದಿಲ್ಲ ಎಂದು ಸುತ್ತಿನ ಹಳ್ಳಿಯವರು ನಂಬಿದ್ದರು.

ಆ ಅಕ್ಷರದ ಜೊತೆಗೆ ಅವರಿಗೊಂದು ಅಭ್ಯಾಸವೂ ಇತ್ತು. ಅದನ್ನು ಮುಚ್ಚಿಟ್ಟು ಅವರ ಕಥೆ ಹೇಳುವುದು ನನ್ನಿಂದಾಗದು. ಠಾಣೆಗೆ ಹೋಗುವ ದೂರಿಗೆ ಅವರು ತಾರೀಖು ಹಾಕುತ್ತಿರಲಿಲ್ಲ. ಏಟು ಬಿದ್ದ ದಿನ, ಕಳುವಾದ ದಿನ ಒಳಗೆ ಇರುತ್ತಿತ್ತು. ದೂರು ಕೊಟ್ಟ ದಿನ ಬರೆಯಬೇಕಾದ ಕೆಳಗಿನ ಮೂಲೆ ಖಾಲಿ. ಠಾಣೆಯ ರೈಟರ್ ಗಂಗಾಧರಯ್ಯನಿಗೆ ಹಾಗೇ ಬೇಕು. ಬಂದ ದೂರನ್ನು ಅವನು ಮೇಜಿನ ಖಾನೆಗೆ ತಳ್ಳಿ, ಒಬ್ಬ ಪೇದೆಯನ್ನು ಕಳಿಸಿ, ನಿಜವೋ ಸುಳ್ಳೋ ವಿಚಾರಿಸಿ, ರಾಜಿಯಾಗುತ್ತದೆಯೋ ನೋಡಿ, ಏನೂ ಆಗದಿದ್ದರೆ ಮಾತ್ರ ಠಾಣೆಯ ಅಚ್ಚಿನ ಪುಸ್ತಕದಲ್ಲಿ ಕೇಸೆಂದು ಬರೆದು ಆವತ್ತಿನ ತಾರೀಖು ಹಾಕುತ್ತಿದ್ದ. ಹೀಗಾಗಿ ಠಾಣೆಯಲ್ಲಿ ಕೇಸುಗಳು ಕಮ್ಮಿ, ಸಾಹೇಬರಿಗೆ ಮೇಲಿನಿಂದ ಬೈಗುಳವಿಲ್ಲ, ಆಚಾರ್ಯರಿಗೆ ಜಗಲಿ ಖಾಯಂ. ಇದರಿಂದ ಯಾರ ಮನೆ ಮುಳುಗುತ್ತದೆ ಎಂದು ಅವರು ಒಂದು ದಿನವೂ ಯೋಚಿಸಿರಲಿಲ್ಲ.

ಜಗಲಿಯ ಪಕ್ಕದಲ್ಲೇ ಅನುಸೂಯಮ್ಮನ ಇಡ್ಲಿ ಹೋಟೆಲು. ಹೊರಗೆ ನೀರು ಕೂಡ ಮುಟ್ಟದ ಆಚಾರ್ಯರು ಅವಳ ಕಾಫಿ ಮಾತ್ರ ಕುಡಿಯುತ್ತಿದ್ದರು, ಹೆಂಡತಿ ಯದುಗಿರಿಯಮ್ಮನಿಗೆ ಗೊತ್ತಾಗದ ಹಾಗೆ. ಒಂಬತ್ತು ವರ್ಷದ ಹಿಂದೆ ಆಗದವರು ಅವಳ ಗಂಡನನ್ನು ಅಡ್ಡಗಟ್ಟಿ ಕಾಲು ಮುರಿದಿದ್ದರು. ಆಗ ಅವಳ ದೂರು ಬರೆದುಕೊಟ್ಟು ಆಚಾರ್ಯರು ಏನನ್ನೂ ತೆಗೆದುಕೊಂಡಿರಲಿಲ್ಲ. ಕೇಸು ಬಿದ್ದುಹೋಯಿತು, ಗಂಡ ಎರಡು ವರ್ಷ ನರಳಿ ತೀರಿಕೊಂಡ. ಅವಳು ಹೋಟೆಲು ಹಾಕಿದ ದಿನದಿಂದ ಬೆಳಗಿನ ಮೊದಲ ಲೋಟ ಆಚಾರ್ಯರಿಗೆ.

ಅರವತ್ತೊಂದನೇ ಇಸವಿಯ ಒಂದು ಸೋಮವಾರ ರುದ್ರಮ್ಮ ಎಂಬ ಹೆಂಗಸು ಸೀರೆಯೆಲ್ಲ ರಕ್ತ ಮಾಡಿಕೊಂಡು ಜಗಲಿಗೆ ಬಂದಳು. ತೆಂಗಿನಕಾಯಿ ಕೀಳುವ ಜಗಳದಲ್ಲಿ ಪಕ್ಕದ ತೋಟದ ಇಂದುಧರ ಅವಳ ಗಂಡ ಕಲ್ಲೇಶಪ್ಪನ ಬಲಗೈಗೆ ಮಚ್ಚು ಬೀಸಿದ್ದ. ಗಂಡನನ್ನು ಲಾರಿಯಲ್ಲಿ ಹಾಸನದ ಆಸ್ಪತ್ರೆಗೆ ಸಾಗಿಸಿ ಅವಳು ನೇರ ಇಲ್ಲಿಗೇ ಬಂದಿದ್ದಳು. ಆಚಾರ್ಯರು ಬರೆದರು, ಹೆಬ್ಬೆಟ್ಟು ಹಾಕಿಸಿದರು, ತಾರೀಖು ಬಿಟ್ಟರು. ರೈಟರ್ ಗಂಗಾಧರಯ್ಯ ಅದನ್ನು ಪುಸ್ತಕಕ್ಕೆ ಹತ್ತಿಸಿದ್ದು ಶನಿವಾರ.

ಬೇಲೂರಿನ ಕೋರ್ಟಿನಲ್ಲಿ ಇಂದುಧರನ ವಕೀಲರು ಹಿಡಿದದ್ದು ಆ ಶನಿವಾರವನ್ನೇ. ಕಲ್ಲೇಶಪ್ಪ ಮರದಿಂದ ಬಿದ್ದು ತನ್ನ ಮಚ್ಚೇ ತಗುಲಿಸಿಕೊಂಡ; ಗಂಡ ಹೆಂಡತಿ ಐದು ದಿನ ಕೂತು ಯೋಚಿಸಿ ಇಂದುಧರನ ಹೆಸರು ಸೇರಿಸಿದರು ಎಂದು ಅವರ ವಾದ. ಸೋಮವಾರವೇ ಬಂದಿದ್ದೆ ಎಂದು ರುದ್ರಮ್ಮ ಎಷ್ಟು ಹೇಳಿದರೂ ಕಾಗದ ಬೇರೆ ಹೇಳುತ್ತಿತ್ತು. ಅವಳು ಮತ್ತೆ ಜಗಲಿಗೆ ಬಂದಳು.

"ಸೋಮವಾರ ಬಂದಿದ್ದೆ ಅಂತ ನೀವೊಬ್ರು ಹೇಳ್ಬೇಕು ಸ್ವಾಮಿ. ನಂಗೆ ಬೇರೆ ಯಾರೂ ದಿಕ್ಕಿಲ್ಲ."

"ನೋಡೋಣ ಕಣಮ್ಮ."

"ನೋಡೋಣ ಅಂತಾನೇ ಠಾಣೇಲೂ ಅಂದಿದ್ದು ಸ್ವಾಮಿ."

ಗಂಗಾಧರಯ್ಯನಿಗೆ ಸುದ್ದಿ ಮುಟ್ಟಲು ಸಂಜೆಯವರೆಗೂ ಬೇಕಾಗಲಿಲ್ಲ. ರಸ್ತೆ ದಾಟಿ ಬಂದವನು ನಗುತ್ತಲೇ ಕೇಳಿದ. "ಏನಾಚಾರ್ರೇ, ಬೇಲೂರಿಗೆ ಸವಾರಿಯಂತೆ? ಹೋಗ್ಬನ್ನಿ. ವಾಪಸ್ ಬಂದು ಕೂರೋ ಜಾಗ ಠಾಣೆ ಎದುರಿಗೇ ಇದೆ, ಅಷ್ಟು ಜ್ಞಾಪಕ ಇರ್ಲಿ."

ಆ ರಾತ್ರಿ ಆಚಾರ್ಯರಿಗೆ ಊಟ ಸೇರಲಿಲ್ಲ. ಸಾರನ್ನ ಕಲಸಿದರು, ಮತ್ತೆ ಕಲಸಿದರು. ಯದುಗಿರಿಯಮ್ಮ ನೋಡುವಷ್ಟು ನೋಡಿ ಕೇಳಿಯೇಬಿಟ್ಟರು.

"ನೀವು ಬರೆದಿದ್ದು ಸೋಮವಾರ ತಾನೇ? ಹಾಗಂತ ಹೇಳೋಕೆ ಇಷ್ಟು ಒದ್ದಾಟ ಯಾಕೆ?"

"ತಾರೀಖು ಯಾಕೆ ಹಾಕಲಿಲ್ಲ ಅಂತ ಕೇಳ್ತಾರೆ ಕಣೇ."

"ಯಾಕೆ ಹಾಕಲಿಲ್ಲ?"

ಆಚಾರ್ಯರು ಎಲೆ ಮುಂದಿನಿಂದ ಎದ್ದರು. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಕೇಳಿದವರು ಆಕೆಯೊಬ್ಬರೇ.

ಕೋರ್ಟಿನ ದಿನ ಬಸ್ಸಿನಲ್ಲಿ ಸೀಟಿದ್ದರೂ ಅವರು ಬೇಲೂರಿನವರೆಗೆ ನಿಂತೇ ಹೋದರು. ಇಳಿದು ವಾಪಸ್ ಹೋಗುವ ಬಸ್ಸು ಎಷ್ಟು ಗಂಟೆಗೆಂದು ಎರಡು ಸಲ ವಿಚಾರಿಸಿದರು. ಕೂಗಿದಾಗ ಕಟಕಟೆ ಹತ್ತಿದರು. ಬರೆದದ್ದು ಸೋಮವಾರವೇ ಎಂದರು. ಹೆಬ್ಬೆಟ್ಟಿಗೆ ಶಾಯಿ ಹಚ್ಚುವ ಮೊದಲೇ ರುದ್ರಮ್ಮ ಕಾಗದ ಹಿಡಿದಿದ್ದಳು, ಅವಳ ಕೈಯಲ್ಲಿ ಗಂಡನ ರಕ್ತ ಇನ್ನೂ ಹಸಿಯಾಗಿತ್ತು ಎಂದರು. ಮ್ಯಾಜಿಸ್ಟ್ರೇಟರು ಕಾಗದವನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಕಂದುಬಣ್ಣದ ಬೆರಳಿನ ಗುರುತು ಇತ್ತು.

ಎದುರು ವಕೀಲರು ಬಿಡುವವರಲ್ಲ. "ತಾರೀಖು ಮರೆತಿರೋ?"

ಮರೆತೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಚಾರ್ಯರ ಬಾಯಿಗೆ ಆ ಮಾತು ಬಂದೂ ಇತ್ತು. ಆದರೆ ಹೇಳಿದ್ದು ಬೇರೆ. "ಮರೆತಿಲ್ಲ ಸ್ವಾಮಿ, ಬಿಟ್ಟೆ. ಠಾಣೆಯವರಿಗೆ ಅನುಕೂಲ ಅಂತ. ನಾನು ಬರೆದ ಯಾವ ದೂರಿಗೂ ತಾರೀಖು ಹಾಕಿಲ್ಲ."

ಅವತ್ತು ಸಂಜೆಯೇ ತೀರ್ಪು ಬಂತು. ಇಂಥ ಅಪರಾಧದ ದೂರು ಬಂದ ಕ್ಷಣ ಠಾಣೆಯವರು ಅದನ್ನು ಬರೆದುಕೊಳ್ಳಬೇಕು. ನಿಜವೋ ಸುಳ್ಳೋ ಎಂಬುದು ಆಮೇಲಿನ ತನಿಖೆಯ ಮಾತು. ಮೊದಲು ವಿಚಾರಿಸಿ ನಂತರ ಬರೆಯುತ್ತೇವೆ ಎನ್ನಲು ಕಾನೂನು ಅವರಿಗೆ ಅಧಿಕಾರ ಕೊಟ್ಟಿಲ್ಲ ಎಂದು ಮ್ಯಾಜಿಸ್ಟ್ರೇಟರು ಬರೆದಿದ್ದರು. ಇಂದುಧರನಿಗೆ ಶಿಕ್ಷೆಯಾಯಿತು. ರುದ್ರಮ್ಮ ಕೋರ್ಟಿನ ಅಂಗಳದಲ್ಲೇ ಆಚಾರ್ಯರ ಕಾಲಿಗೆ ಬಿದ್ದಳು.

ಮಾರನೆಯ ಬೆಳಿಗ್ಗೆ ಅವರು ಜಗಲಿಗೆ ಹಗುರಾಗಿ ಬಂದರು. ಗಂಗಾಧರಯ್ಯ ಎಬ್ಬಿಸಿದರೆ ಎಬ್ಬಿಸಲಿ, ಬಸ್‌ಸ್ಟ್ಯಾಂಡಿನಲ್ಲಿ ಕೂತರಾಯಿತು. ಹೊಸ ಹಾಳೆ ತೆಗೆದು ಬೇರೇನೂ ಬರೆಯುವ ಮೊದಲು ಕೆಳಗಿನ ಮೂಲೆಯಲ್ಲಿ ತಾರೀಖು ಬರೆದು ಅದನ್ನೇ ನೋಡುತ್ತ ಕೂತರು.

ಅನುಸೂಯಮ್ಮ ಕಾಫಿ ತಂದಿಟ್ಟಳು. ದಿನದ ಹಾಗೆ ಹೊರಟುಹೋಗಲಿಲ್ಲ.

"ಕೋರ್ಟ್ನಾಗೆ ನೀವು ಹೇಳಿದ್ದು ಬಸ್ಸಿನೋರು ಹೇಳಿದ್ರು ಸ್ವಾಮಿ. ಯಾವ ದೂರಿಗೂ ತಾರೀಖು ಹಾಕಿಲ್ಲ ಅಂದ್ರಂತೆ."

"ಹೂಂ."

"ನಮ್ಮ ಯಜಮಾನ್ರ ಕಾಲು ಮುರ್ದಾಗ ನಾನು ಬಂದಿದ್ದು ಶುಕ್ರವಾರ. ಕೋರ್ಟ್ನಾಗೆ ಬುಧವಾರ ಅಂತ ಓದಿದ್ರು. ಇಷ್ಟು ದಿನ ಯಾಕೆ ಸುಮ್ಕಿದ್ದೆ ಅಂತ ಕೇಳಿದ್ರು. ಗಾಬ್ರೀಲಿ ನಾನೇ ವಾರ ಮರ್ತಿದ್ದೆ ಅನ್ಕೊಂಡೆ. ನನ್ನಿಂದಾನೇ ಕೇಸು ಹೋಯ್ತು ಅಂತ ಅವ್ರು ಸಾಯೋಗಂಟ ಕಾಲು ಹಿಡ್ಕೊಂಡು ಅತ್ತಿದೀನಿ."

ಆಚಾರ್ಯರ ಕೈ ಮಸಿಕುಡಿಕೆಯ ಮುಚ್ಚಳದ ಮೇಲೆ ನಿಂತುಬಿಟ್ಟಿತು. "ನೀನು ಮರೆತಿಲ್ಲ ಅನುಸೂಯಮ್ಮ. ಶುಕ್ರವಾರವೇ ಬಂದಿದ್ದೆ."

ಅವಳು ಲೋಟ ಎತ್ತಿಕೊಂಡಳು. "ಆರೋಗೈತೆ. ಬಿಸಿ ತತ್ತೀನಿ."

ಮಧ್ಯಾಹ್ನದ ಬಸ್ಸು ಬಂದು ಹೋಗುವವರೆಗೂ ಆಚಾರ್ಯರು ಕೂತ ಜಾಗದಿಂದ ಅಲ್ಲಾಡದೆ ಹೋಟೆಲಿನ ಬಾಗಿಲನ್ನೇ ನೋಡುತ್ತಿದ್ದರು. ಅವಳು ಬರಲಿಲ್ಲ.