ಮೊದಲ ತಟ್ಟೆ

ಕೋಣೆಯೊಳಗೆ ಅಡುಗೆ ಮಾಡುವಂತಿಲ್ಲ ಎಂದು ಹಾಸ್ಟೆಲಿನವರು ಇ-ಮೇಲಿನಲ್ಲಿ ದಪ್ಪ ಅಕ್ಷರದಲ್ಲೇ ಬರೆದಿದ್ದರು. ಆದರೂ ನಾನು ರೈಸ್ ಕುಕ್ಕರನ್ನು ಕಾರಿನ ಡಿಕ್ಕಿಗೆ ತುರುಕಿದೆ. ಅದರ ಹೊಟ್ಟೆಯೊಳಗೆ ಸಾರಿನ ಪುಡಿ, ಚಟ್ನಿಪುಡಿಯ ಡಬ್ಬಿಗಳನ್ನೂ ಇಟ್ಟೆ. ಮಗಳು ನೋಡಿದಳು, ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಬೇಡ ಎಂದೇ ಅರ್ಥ. ಗೊತ್ತಿದ್ದೂ ಡಿಕ್ಕಿ ಮುಚ್ಚಿದೆ.

ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನ ನಮ್ಮ ಮನೆಯಿಂದ, ಮಗಳು ಕಾಲೇಜು ಸೇರಲಿದ್ದ ವೆಲ್ಲಿಂಗ್ಟನ್‌ಗೆ ಇಡೀ ದಿನದ ದಾರಿ. ಮಗಳು ಕಿವಿಗೆ ಹಾಡು ಸಿಕ್ಕಿಸಿಕೊಂಡು ಕಿಟಕಿಗೆ ಒರಗಿದ್ದಳು. ನಾನು ರಸ್ತೆ ನೋಡುತ್ತಿದ್ದೆ. ನಡುವೆ ಒಂದು ಸಣ್ಣ ಊರಿನಲ್ಲಿ ನಿಲ್ಲಿಸಿ ಬಿಸಿ ಚಿಪ್ಸ್ ಕೊಡಿಸಿದೆ. ಅವಳು ಅರ್ಧ ತಿಂದು ಪೊಟ್ಟಣವನ್ನು ನನ್ನ ಕಡೆಗೆ ತಳ್ಳಿದಳು. ಇಷ್ಟೇನಾ ಎಂದು ಕೇಳಿದೆ. ಸಾಕು ಎಂದಳು. ನಾನು ಪೊಟ್ಟಣದ ಬಾಯಿ ಮಡಚಿ ಕಸದ ಡಬ್ಬಿಗೆ ಹಾಕಿ ಬಂದೆ. ಅವಳು ಕಾರಿನೊಳಗಿಂದ ಅದನ್ನೇ ನೋಡುತ್ತಿದ್ದಳು.

ನನ್ನ ಹೆಂಡತಿ ತೀರಿಕೊಂಡು ಆಗ ಒಂದು ವರ್ಷ ದಾಟಿತ್ತು. ಆ ವರ್ಷದಲ್ಲಿ ಮಗಳು ಇಳಿದುಹೋಗಿದ್ದಳು. ಶಾಲೆಯ ಸ್ಕರ್ಟಿಗೆ ಪಿನ್ನು ಹಾಕಿಕೊಂಡು ಹೋಗುತ್ತಿದ್ದಳು. ಡಾಕ್ಟರಿಗೆ ತೋರಿಸಿದಾಗ ಅವರು ತೂಕ ನೋಡಿ, ಊಟದ ಮೇಲೆ ಒಂದು ಕಣ್ಣಿಟ್ಟಿರಿ ಎಂದರು. ನಾನು ಎರಡೂ ಕಣ್ಣು ಇಟ್ಟಿದ್ದೆ. ಅವಳು ದಿನವೂ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದಳು. ಹೇಗೂ ಬಿಡುತ್ತಾಳೆ ಎಂದು ನಾನು ಅಕ್ಕಿ ಕಡಿಮೆ ಹಾಕತೊಡಗಿದೆ. ಆಗ ಅರ್ಧಕ್ಕಿಂತ ಹೆಚ್ಚೇ ಬಿಟ್ಟಳು. ತಾಯಿಯ ಕೈರುಚಿ ಕಳೆದುಕೊಂಡ ಹುಡುಗಿ, ನನ್ನ ಅಡುಗೆ ಗಂಟಲಲ್ಲಿ ಇಳಿಯುತ್ತಿಲ್ಲ ಎಂದುಕೊಂಡೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಅಡುಗೆ ಯಾರ ಗಂಟಲಲ್ಲೂ ಸಲೀಸಾಗಿ ಇಳಿಯುವಂಥದ್ದಲ್ಲ.

ನನಗಂತೂ ರುಚಿಯೇ ಹೋಗಿತ್ತು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಹಾಗೆ. ಉಪ್ಪು ಸಾಕೋ ಬೇಕೋ ಎಂದು ಮಗಳನ್ನೇ ಕೇಳುತ್ತಿದ್ದೆ. ದುಃಖ ಬರುತ್ತದೆ, ಬಂದಾಗ ಅತ್ತುಬಿಡೋಣ ಎಂದು ಕಾದಿದ್ದೆ. ಬರಲಿಲ್ಲ. ಆಫೀಸಿಗೆ ಹೋದೆ, ನೀರಿನ ಪೈಪುಗಳ ನಕ್ಷೆ ತಿದ್ದಿದೆ, ಬಸ್ಸಿನಲ್ಲಿ ವಾಪಸು ಬಂದೆ. ಮೊದಲ ತಿಂಗಳು ನಮ್ಮ ಕಡೆಯ ಆಂಟಿಯರೆಲ್ಲ ಡಬ್ಬಿ ಡಬ್ಬಿ ಪಲ್ಯ, ಹುಳಿ ತಂದು ಫ್ರಿಜ್ ತುಂಬಿಸಿದರು. ಆಮೇಲೆ ನಿಂತಿತು. ನಿಲ್ಲಲೇಬೇಕಲ್ಲ, ಅವರಿಗೂ ಮನೆ ಮಠ ಇದೆ.

ನಿಲ್ಲದೆ ನಡೆದದ್ದು ಒಂದೇ. ಸತ್ತವರಿಗೆ ವರ್ಷದವರೆಗೆ ಎಡೆ ಇಡಬೇಕು, ಮಾಡಿದ ಅಡುಗೆಯಲ್ಲಿ ಮೊದಲ ತಟ್ಟೆ ಅವರ ಫೋಟೋದ ಮುಂದೆ ಹೋಗಬೇಕು ಎಂದು ಮೈಸೂರಿನಿಂದ ಅಕ್ಕ ಫೋನಿನಲ್ಲಿ ಹೇಳಿದ್ದಳು. ಸರಿ ಎಂದು ಇಟ್ಟೆ. ಊರಲ್ಲಾದರೆ ಆಮೇಲೆ ಅದನ್ನು ಕಾಗೆಗೆ ಹಾಕಬಹುದಿತ್ತು. ಇಲ್ಲಿ ಆಕ್ಲೆಂಡಿನಲ್ಲಿ ಕಾಗೆ ಎಲ್ಲಿಂದ ತರುವುದು? ಚೆಲ್ಲಲು ಮನಸ್ಸಾಗದೆ ಆ ತಟ್ಟೆಯನ್ನು ನಾನೇ ಉಣ್ಣುತ್ತಿದ್ದೆ. ಹೀಗಾಗಿ ಮನೆಯಲ್ಲಿ ದಿನಕ್ಕೆ ಎರಡು ತಟ್ಟೆ ಸಾಕಾಗುತ್ತಿತ್ತು. ಒಂದು ಫೋಟೋಗೆ, ಒಂದು ಮಗಳಿಗೆ. ಮಗಳು ಉಣ್ಣುವಷ್ಟು ಹೊತ್ತು ನಾನು ಎದುರು ಕೂತು ಮೊದಲ ತಟ್ಟೆ ಆರಲಿ ಎಂದು ಕಾಯುತ್ತಿದ್ದೆ. ವರ್ಷದ ಕಾರ್ಯ ಮುಗಿದ ಮೇಲೆ, ಇನ್ನು ನಿಲ್ಲಿಸು ಮಾರಾಯ ಎಂದು ಅಕ್ಕನೇ ಹೇಳಿದಳು. ನಿಲ್ಲಿಸಲಿಲ್ಲ. ಭಕ್ತಿಯೇನೂ ಅಲ್ಲ. ಕೈಗೆ ಅದು ರೂಢಿಯಾಗಿತ್ತು, ಅಷ್ಟೆ.

ಹಾಸ್ಟೆಲು ಗುಡ್ಡದ ಮೇಲಿತ್ತು. ಒಂದೇ ಬಣ್ಣದ ಟೀ ಶರ್ಟು ಹಾಕಿದ ಹಳೆಯ ವಿದ್ಯಾರ್ಥಿಗಳು ನಗುನಗುತ್ತ ಬಂದು ನಮ್ಮ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋದರು. ಕುಕ್ಕರಿಗೆ ಕೈ ಹಾಕಿದ ಹುಡುಗಿಯೊಬ್ಬಳು, ಸಾರಿ, ಇದು ಆಗೋದಿಲ್ಲ ಎಂದು ಅದನ್ನು ಮೆಲ್ಲಗೆ ಮತ್ತೆ ಡಿಕ್ಕಿಯಲ್ಲೇ ಇಟ್ಟಳು. ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಕಿಟಕಿಯಲ್ಲಿ ಒಂದು ಚೂರು ಸಮುದ್ರ. ನಾನು ಮಂಚದ ಕಾಲು ಅಲುಗಿಸಿ ನೋಡಿದೆ. ನೋಡಬೇಕಾದ್ದು ಬೇರೇನೂ ತೋಚಲಿಲ್ಲ. ಲಿಫ್ಟಿನ ಪಕ್ಕದಲ್ಲಿ ಭಾರಿ ಮೈಕಟ್ಟಿನ, ನ್ಯೂಜಿಲೆಂಡಿನವನೇ ಆದ ಅಪ್ಪನೊಬ್ಬ ಮಗನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನನಗೆ ಹೊಟ್ಟೆಕಿಚ್ಚಾಯಿತು.

ಉಳಿದ ತಂದೆ ತಾಯಿಯರು ಚಹಾ ಕುಡಿದು ಹೊರಟರು. ನಾನು ಹೊರಡಲಿಲ್ಲ. ಒಂದು ವಾರ ರಜೆ ಹಾಕಿ ಬಂದಿದ್ದೆ, ಗುಡ್ಡದ ಕೆಳಗೆ ಒಂದು ಮೋಟೆಲಿನಲ್ಲಿ ಕೋಣೆ ಹಿಡಿದಿದ್ದೆ. ಯಾಕೆ ಎಂದು ಮಗಳು ಕೇಳಿದಳು. ರಜೆ ಉಳಿದಿತ್ತು ಎಂದೆ. ಇಲ್ಲಿಯ ಊಟ ಅವಳು ಮುಟ್ಟುವುದಿಲ್ಲ, ಇನ್ನೊಂದು ತಿಂಗಳಲ್ಲಿ ಆಸ್ಪತ್ರೆಯಿಂದ ಫೋನು ಬರುತ್ತದೆ ಎಂಬ ಹೆದರಿಕೆ ನನಗೆ. ಬೇರೆ ಏನೂ ಅನ್ನಿಸದಿದ್ದರೂ ಹೆದರಿಕೆ ಮಾತ್ರ ಮಾಮೂಲಿನಂತೆ ಕೆಲಸ ಮಾಡುತ್ತಿತ್ತು. ಕಾಲೇಜಿನ ಹತ್ತಿರ ಅವಳ ಅಮ್ಮನ ಅಡುಗೆಗೆ ಎಲ್ಲೋ ಒಂದು ಕಡೆ ಹತ್ತಿರವಾಗುವಂಥ ಊಟ ಹುಡುಕಿಕೊಟ್ಟು ಹೋಗಬೇಕು ಎಂಬುದು ನನ್ನ ಲೆಕ್ಕ.

ಮರುದಿನದಿಂದ ಗುಡ್ಡ ಹತ್ತುವುದು, ಇಳಿಯುವುದು. ಆ ಊರಿನ ಗಾಳಿ ಮನುಷ್ಯನನ್ನು ಹಿಂದಿನಿಂದ ನೂಕುತ್ತದೆ, ಇಲ್ಲವೇ ಎದುರಿನಿಂದ ತಡೆಯುತ್ತದೆ, ಸುಮ್ಮನೆ ಮಾತ್ರ ಬಿಡುವುದಿಲ್ಲ. ಕಾಲೇಜಿನ ಗೇಟಿನ ಎದುರಿಗೆ, ಇಲ್ಲಿಯವರು ಡೈರಿ ಎನ್ನುವ ಚಿಲ್ಲರೆ ಅಂಗಡಿಯಲ್ಲಿ ಹಾಲು, ಬ್ರೆಡ್ಡು, ಮಾಂಸದ ಪೈ. ಅಂಗಡಿಯ ಗುಜರಾತಿ ಅಂಕಲ್ ಕರಿಬೇವು ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಂದೆ ಸುಶಿ, ಅದರಾಚೆ ಕಬಾಬು, ಅದರಾಚೆ ಮಲೇಷ್ಯಾದವರ ರೊಟ್ಟಿ ಅಂಗಡಿ. ರೊಟ್ಟಿ ಕೈಗೆ ಮೆತ್ತಗೆ ತಾಗಿತು. ಜೊತೆಗೆ ಕೊಟ್ಟ ಸಾರನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಿದೆ. ನಾಲಿಗೆಗೆ ಏನೂ ತಿಳಿಯಲಿಲ್ಲ. ನನ್ನಂಥವನು ರುಚಿ ನೋಡಿ ಊಟ ಆರಿಸಲು ಹೊರಟಿದ್ದು ನಗೆಪಾಟಲೇ ಸರಿ. ಆದರೂ ಕಟ್ಟಿಸಿಕೊಂಡು ಹೋಗಿ ಹಾಸ್ಟೆಲಿನ ಬಾಗಿಲಲ್ಲಿ ಕೊಟ್ಟೆ. ಥ್ಯಾಂಕ್ಸ್ ಅಪ್ಪ ಎಂದು ತೆಗೆದುಕೊಂಡಳು. ಆಮೇಲೆ ಫೋನು ಮಾಡಿ ತಿಂದೆಯಾ ಎಂದರೆ, ಪಕ್ಕದ ಕೋಣೆಯವರಿಗೆ ತುಂಬಾ ಇಷ್ಟವಾಯಿತು ಎಂದಳು.

ಎರಡು ಬೀದಿ ದಾಟಿ, ಓಣಿಯೊಂದರ ಕೊನೆಯಲ್ಲಿ ದೋಸೆಯ ಅಂಗಡಿ ಕಣ್ಣಿಗೆ ಬಿತ್ತು. ನಡೆಸುತ್ತಿದ್ದವಳು ಧಾರವಾಡದ ಕಡೆಯ ಹೆಂಗಸು, ಓದಲು ಬಂದು ಇಲ್ಲೇ ನಿಂತವಳು. ನಾನು ಫೋನಿನಲ್ಲಿ ಅಕ್ಕನ ಹತ್ತಿರ ಮಾತಾಡುವುದು ಕೇಳಿಸಿಕೊಂಡು ಒಳಗಿನಿಂದಲೇ ಕನ್ನಡದಲ್ಲಿ ಕೂಗಿದಳು. ಮಗಳ ವಿಷಯ ಹೇಳಿದೆ. ಹೆಂಡತಿಯ ವಿಷಯವನ್ನೂ ಹೇಳಿದೆ, ಹವಾಮಾನ ಹೇಳುವ ಧಾಟಿಯಲ್ಲಿ. ಆಕೆ ಹಾಗಂತೂ ಕೇಳಿಸಿಕೊಳ್ಳಲಿಲ್ಲ, ಸೌಟು ಕೆಳಗಿಟ್ಟಳು. ಅಂದಿನಿಂದ ದಿನಾ ಮಧ್ಯಾಹ್ನ ಅಲ್ಲಿಂದ ಮಗಳಿಗೆ ಪಾರ್ಸೆಲ್. ಮೂರನೆಯ ಸಲವೋ ಏನೋ, ಪೊಟ್ಟಣ ಕೊಡುತ್ತ ಕೇಳಿದಳು, "ನಿಮ್ಮದು ಊಟ ಆತೇನ್ರಿ?"

ಆಯ್ತು ಎಂದೆ. ಯಾರು ಕೇಳಿದರೂ ಆ ಉತ್ತರ ತಾನೇ ಬಾಯಿಂದ ಬರುತ್ತಿತ್ತು.

"ಖರೇ ಹೇಳ್ರಿ. ಮಗಳಿಗಂತ ದಿನಾ ಕಟ್ಟಿಸ್ಕೊಂಡ್ ಹೋಗ್ತೀರಿ. ನೀವೊಂದಿನಾನೂ ಇಲ್ಲಿ ಕುಂತು ತಿಂದಿಲ್ಲ ನೋಡ್ರಿ."

ನಾನು ಪೊಟ್ಟಣ ಆರಿಹೋಗುತ್ತದೆ ಎಂದು ಹೇಳಿ ಹೊರಟುಬಂದೆ.

ಆ ದಿನ ಹಾಸ್ಟೆಲಿನ ಬಾಗಿಲಲ್ಲಿ ಯಾರೂ ಇರಲಿಲ್ಲ. ಮಗಳು ಫೋನು ಎತ್ತಲಿಲ್ಲ. ಗಾಳಿಗೆ ನಿಲ್ಲಲಾರದೆ ಕಟ್ಟಡದ ಮಗ್ಗುಲಿಗೆ ಸರಿದೆ. ಅಲ್ಲಿ ಊಟದ ಹಾಲಿನ ದೊಡ್ಡ ಗಾಜು. ಒಳಗೆ ಮಗಳು ನಾಲ್ಕಾರು ಹುಡುಗಿಯರ ನಡುವೆ ಕೂತಿದ್ದಳು. ಎದುರಿಗೆ ಆಲೂಗೆಡ್ಡೆ, ಬೀನ್ಸು, ಮೇಲೆ ಚೀಸು ಕರಗಿದ ಏನೋ ಒಂದು ರಾಶಿ. ತಿನ್ನುತ್ತಿದ್ದಳು. ಬಾಯಿ ತುಂಬಿಕೊಂಡು ಮಾತಾಡುತ್ತ, ಫೋರ್ಕನ್ನು ಗಾಳಿಯಲ್ಲಿ ಆಡಿಸುತ್ತ, ನಗುತ್ತ ತಿನ್ನುತ್ತಿದ್ದಳು. ಎದ್ದು ಹೋಗಿ ಮತ್ತೊಮ್ಮೆ ಹಾಕಿಸಿಕೊಂಡು ಬಂದಳು. ಕೊನೆಗೆ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ಅದನ್ನೂ ಬಾಯಿಗೆ ಹಾಕಿಕೊಂಡಳು.

ನನ್ನ ಹೆದರಿಕೆ ಅಲ್ಲೇ ಇಳಿಯಿತು. ಇಳಿದ ಜಾಗಕ್ಕೆ ಕೋಪ ಬಂತು. ಒಂದು ವರ್ಷದಿಂದ ಅವಳಿಗಾಗಿ ಹುಳಿ ಕುದಿಸಿ, ಒಗ್ಗರಣೆ ಸೀಯಿಸಿ, ಅಕ್ಕನಿಗೆ ಫೋನು ಮಾಡಿ ಮಾಡಿ ಕಲಿತು ಬಡಿಸಿದ್ದನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದ ಹುಡುಗಿ, ಯಾರೋ ಬೇಯಿಸಿದ ಆಲೂಗೆಡ್ಡೆಗೆ ತಟ್ಟೆ ಒರೆಸುತ್ತಾಳೆ. ಹಾಗಾದರೆ ಕೆಟ್ಟಿದ್ದು ಅವಳ ಹಸಿವೆಯಲ್ಲ, ನಮ್ಮ ಮನೆ. ದೋಸೆಯ ಪೊಟ್ಟಣವನ್ನು ಮೋಟೆಲಿಗೆ ತಂದೆ. ಫೋನಿನಲ್ಲಿ ಹೆಂಡತಿಯ ಫೋಟೋ ತೆರೆದು, ಅದನ್ನು ಟೀ ಕೆಟಲಿಗೆ ಒರಗಿಸಿ, ದೋಸೆಯನ್ನು ತಟ್ಟೆಗೆ ಹಾಕಿ ಎದುರಿಗಿಟ್ಟೆ. ಪೂರ್ತಿ ತಣ್ಣಗಾದ ಮೇಲೆ ತಿಂದೆ. ಚರ್ಮದಂತಿತ್ತು.

ಆಮೇಲಿನ ದಿನಗಳಲ್ಲಿ ಪಾರ್ಸೆಲ್ ಒಯ್ಯಲಿಲ್ಲ. ಮಗಳು ಮೆಸೇಜು ಮಾಡಿ ಹುಷಾರಾಗಿದ್ದೀಯಾ ಎಂದು ಕೇಳಿದಳು. ಹೂಂ ಎಂದು ಬರೆದೆ.

ನಾನು ಹೊರಡುವ ಹಿಂದಿನ ಸಂಜೆ ಅವಳೇ ಮೋಟೆಲಿಗೆ ಬಂದಳು. ಸೂರ್ಯ ಇನ್ನೂ ಗುಡ್ಡದ ಮೇಲಿದ್ದ. ಜಾಕೆಟ್ಟಿನೊಳಗೆ ಹೊಟ್ಟೆಗೆ ಅವಚಿಕೊಂಡು, ಟವೆಲ್ಲು ಸುತ್ತಿದ ಏನನ್ನೋ ತಂದು ಮೇಜಿನ ಮೇಲಿಟ್ಟಳು. ತಡವಾಗಿ ಬರುವ ಮಕ್ಕಳಿಗೆ ಹಾಸ್ಟೆಲಿನವರು ಊಟವನ್ನು ಡಬ್ಬಿಗೆ ಹಾಕಿಡುತ್ತಾರಂತೆ. ತನ್ನ ಪಾಲನ್ನು ಹೇಳಿಟ್ಟು, ಬಿಸಿ ಮಾಡಿಸಿ, ಗುಡ್ಡ ಇಳಿದು ಬಂದಿದ್ದಳು.

ನಾನು ಅದನ್ನು ಕಣ್ಣೆತ್ತಿ ನೋಡಲಿಲ್ಲ. ನೀನು ಅಲ್ಲಿ ಊಟ ಮಾಡುವುದನ್ನು ನೋಡಿದೆ ಎಂದೆ. ಮನೆಯಲ್ಲಿ ಯಾಕೆ ತಿನ್ನುತ್ತಿರಲಿಲ್ಲ, ನಾನು ಮಾಡಿದ್ದು ಅಷ್ಟು ಕೆಟ್ಟದಾಗಿತ್ತಾ ಎಂದು ಕೇಳಿದೆ. ದನಿ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು.

ಅವಳು ಮಂಚದ ತುದಿಯಲ್ಲಿ ಕೂತಳು. ನನ್ನ ಕನ್ನಡಕ್ಕೆ ಅವಳದು ಯಾವಾಗಲೂ ಇಂಗ್ಲಿಷಿನ ಉತ್ತರ, ಅಂದೂ ಹಾಗೆಯೇ, ತಲೆ ತಗ್ಗಿಸಿಕೊಂಡು ಹೇಳಿದಳು. ಮೊದಲ ತಟ್ಟೆ ಅಮ್ಮನದು, ಎರಡನೆಯದು ನನ್ನದು, ಮೂರನೆಯ ತಟ್ಟೆಯನ್ನು ನೀನು ಶೆಲ್ಫಿನಿಂದ ಇಳಿಸಲೇ ಇಲ್ಲ ಎಂದಳು. ನಾನು ಬಿಸಿ ಅನ್ನ ತಿನ್ನುವಾಗ ನೀನು ಎದುರಿಗೆ ಸುಮ್ಮನೆ ಕೂತಿರುತ್ತಿದ್ದೆ, ಆಮೇಲೆ ಅಮ್ಮನ ಮುಂದಿನ ತಣ್ಣನೆಯ ಅನ್ನ ತಿನ್ನುತ್ತಿದ್ದೆ. ಪಾತ್ರೆಯಲ್ಲಿ ಬೇರೆ ಅನ್ನ ಇರುತ್ತಿರಲಿಲ್ಲ. ಅದಕ್ಕೇ ನಾನು ನನ್ನದರಲ್ಲಿ ಅರ್ಧ ಬಿಡುತ್ತಿದ್ದೆ, ಬಿಸಿ ಇರುವಾಗಲೇ ನೀನು ತಿನ್ನುತ್ತೀಯ ಎಂದು. ನೀನು ಅದನ್ನು ಫ್ರಿಜ್ಜಿಗೆ ಇಡುತ್ತಿದ್ದೆ. ಆಮೇಲೆ ನೀನು ಅಕ್ಕಿಯನ್ನೂ ಕಡಿಮೆ ಮಾಡಿದೆ. ಆಗ ನಾನು ಇನ್ನೂ ಸ್ವಲ್ಪ ಹೆಚ್ಚು ಬಿಟ್ಟೆ.

ಇಷ್ಟು ಹೇಳಿ ಮೂಗು ಒರೆಸಿಕೊಂಡಳು. ನನಗೆ ದಾರಿಯಲ್ಲಿ ಅವಳು ನನ್ನ ಕಡೆಗೆ ತಳ್ಳಿದ ಚಿಪ್ಸಿನ ಪೊಟ್ಟಣ ನೆನಪಾಯಿತು. ಹೇಳಬಹುದಿತ್ತಲ್ಲ ಎಂದೆ. ಹೇಳಿದರೆ ಅಮ್ಮನ ತಟ್ಟೆ ತೆಗೆದುಬಿಡು ಎಂದ ಹಾಗೆ ಆಗುತ್ತಿತ್ತು, ಅದನ್ನು ಹೇಳಲು ಆಗಲಿಲ್ಲ ಎಂದಳು.

ಆಮೇಲೆ ಅವಳೇ ಎದ್ದು ಟವೆಲ್ಲು ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದಳು. ಅದೇ ಆಲೂಗೆಡ್ಡೆ, ಅದೇ ಚೀಸು, ಹಬೆಯಾಡುತ್ತಿತ್ತು. ನಾನು ಮೇಜಿನಿಂದ ಫೋನು ತೆಗೆದು ಕೆಟಲಿಗೆ ಒರಗಿಸಲು ಹೋದೆ. ಯೋಚಿಸಿ ಮಾಡಿದ್ದಲ್ಲ. ಮಗಳು ನನ್ನ ಕೈಯ ಮೇಲೆ ಕೈಯಿಟ್ಟಳು. ಫೋನನ್ನು ಮೆಲ್ಲಗೆ ಬಿಡಿಸಿಕೊಂಡು, ಅಮ್ಮನ ಮುಖ ಮೇಲಾಗಿಯೇ ಇರುವಂತೆ ದಿಂಬಿನ ಮೇಲಿಟ್ಟಳು. ಫೋರ್ಕನ್ನು ನನ್ನ ಕೈಗೆ ಕೊಟ್ಟಳು. ಮಾತು ಕನ್ನಡದಲ್ಲಿ ಬಂತು.

"ಫಸ್ಟ್ ನೀನು ತಿನ್ನು ಅಪ್ಪ. ಬಿಸಿ ಇದೆ."

ಒಂದು ತುತ್ತು ಬಾಯಿಗಿಟ್ಟೆ. ಚೀಸು ಅಂಗುಳಕ್ಕೆ ಅಂಟಿ ಸುಟ್ಟಿತು. ಉಗುಳುವಂತಿಲ್ಲ, ಬಾಯಿ ತೆರೆದು ಉಸಿರು ಎಳೆದುಕೊಂಡೆ, ಕಣ್ಣಲ್ಲಿ ನೀರು ಬಂತು. ಬಿಸಿಗೆ ಬಂದ ನೀರು ಆಮೇಲೂ ನಿಲ್ಲಲಿಲ್ಲ. ಮಗಳು ಎದುರಿಗೆ ಕೂತು ಕಾಯುತ್ತಿದ್ದಳು, ವರ್ಷವಿಡೀ ನಾನು ಅವಳೆದುರು ಕಾಯುತ್ತಿದ್ದ ಹಾಗೆ. ಹೇಗಿದೆ ಎಂದು ಕೇಳಿದಳು.

ಉಪ್ಪು ಸ್ವಲ್ಪ ಕಮ್ಮಿ ಎಂದೆ.