ಬಲಗಿಸೆಯ ಭಾರ

ವರ್ಲೀನ್ ಸ್ಟಬಲ್‌ಫೀಲ್ಡ್ ಆ ರಿವಾಲ್ವರ್ ಕೊಂಡದ್ದು ನಾಯಿಗಳಿಗೆ ಹೆದರಿ. ಕಳ್ಳಕಾಕರಿಗೆ ಹೆದರಿ ಎಂದು ಊರಿನಲ್ಲಿ ಹೇಳಿಕೊಂಡಿದ್ದಳು, ನಾಯಿ ಎಂದರೆ ನಗುತ್ತಾರೆಂದು. ಟೆನ್ನೆಸೀಯ ಪೂರ್ವದ ಬೆಟ್ಟಗಳ ಸಂದಿಗಳಲ್ಲಿ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಅವರನ್ನು ಎಬ್ಬಿಸಿ, ಮೀಯಿಸಿ, ಉಣಿಸಿ ಬರುವುದು ಅವಳ ಕೆಲಸ. ಅಲ್ಲಿ ರಸ್ತೆ ಮುಗಿದ ಮೇಲೂ ಮನೆಗಳಿವೆ. ಮನೆಗಿಂತ ಮೊದಲು ನಾಯಿಗಳಿವೆ, ಯಾವುದನ್ನೂ ಕಟ್ಟುವ ಪದ್ಧತಿಯಿಲ್ಲ.

ಗಾರ್ಲಂಡ್‌ನ ಬಂದೂಕಿನ ಅಂಗಡಿಯಲ್ಲಿ ಗಾಜಿನ ಕೆಳಗಿದ್ದವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಅದೇ. ಐದು ಗುಂಡಿನದು, ಮೋಟುಮೂತಿ, ಅಂಗೈಗಿಂತ ಸ್ವಲ್ಪ ದೊಡ್ಡದು. "ಇದು ಪ್ರದರ್ಶನಕ್ಕಲ್ಲ ತಾಯಿ, ಕಿಸೆಗೆ," ಎಂದಿದ್ದ ಗಾರ್ಲಂಡ್. "ನೋಡೋಕೆ ಸೊಗಸಿಲ್ಲ. ಹೊಡೆದ್ರೆ ನಿಂಗೇ ಒದೆಯುತ್ತೆ. ಆದ್ರೆ ಕೈ ಕೊಡಲ್ಲ." ಅವನ ಮಾತು ನಿಜವಾಯಿತು. ಅಭ್ಯಾಸದ ಮೈದಾನದಲ್ಲಿ ಎರಡು ಸುತ್ತು ಹೊಡೆಯುವಷ್ಟರಲ್ಲಿ ಅವಳ ಹೆಬ್ಬೆರಳ ಬುಡ ಕೆಂಪಾಗಿತ್ತು. ಗುಂಡು ತುಂಬುವ ಮೊದಲ ಗೂಡಿಗೆ ಹಾವಿಗೆ ಹೊಡೆಯುವ ಚರೆ, ಮಿಕ್ಕವಕ್ಕೆ ಗುಂಡು, ಅಲ್ಲಿನವರೆಲ್ಲ ತುಂಬುವಂತೆಯೇ. ಇಷ್ಟು ವರ್ಷಗಳಲ್ಲಿ ಅದರಿಂದ ಸತ್ತದ್ದು ಒಂದೇ ಒಂದು ಹಾವು. ನಾಯಿಗಳಿಗೆ ಅವಳು ಬಿಸ್ಕತ್ತು ಹಾಕುತ್ತಿದ್ದಳು.

ಅವಳ ನೀಲಿ ಸಮವಸ್ತ್ರದ ಬಲಗಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದನ್ನು ಯಾರೂ ವಿಶೇಷವಾಗಿ ನೋಡಿದ್ದಿಲ್ಲ. ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಬರುವವನ ಕೋಟಿನೊಳಗೂ ಒಂದಿದೆ, ಕೇಶಾಲಂಕಾರದ ಹೆಂಗಸಿನ ಕೈಚೀಲದಲ್ಲೂ ಒಂದಿದೆ. ಎಲ್ಲರ ಹತ್ತಿರವೂ ಇರುವ ವಸ್ತುವಿನಲ್ಲಿ ಒಬ್ಬರ ದುಃಖ ಕಾಣುವುದಾದರೂ ಹೇಗೆ?

ಫೆಬ್ರವರಿಯಲ್ಲಿ ಅವಳ ಗಂಡ ಡಾಯ್ಲ್ ಮರ ಕೊಯ್ಯುವ ಕಾರ್ಖಾನೆಯಲ್ಲಿ, ಎದೆಯೊಡೆದು, ಊಟದ ಡಬ್ಬಿ ಬಿಚ್ಚುತ್ತಿದ್ದವನು ಹಾಗೇ ಕುಸಿದು ಸತ್ತ. ಊರವರು ತಂದ ಅಡುಗೆಯ ಪಾತ್ರೆಗಳಿಂದ ಫ್ರಿಜ್ಜು ತುಂಬಿತು. ಅವನ ಬೇಟೆಯ ಬಂದೂಕುಗಳು ಅಣ್ಣನ ಮಕ್ಕಳಿಗೆ ಹಂಚಿಹೋದವು. ವರ್ಲೀನ್ ಅಳಲಿಲ್ಲ. ಗಟ್ಟಿಗಿತ್ತಿ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ, ಹಲ್ಲು ಕೀಳುವವನು ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗಾಗಿದ್ದಳು. ಉಪ್ಪು ಸಪ್ಪೆ ತಿಳಿಯುತ್ತಿರಲಿಲ್ಲ. ಕೆಲಸಕ್ಕೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ವಸಂತದ ಹೊತ್ತಿಗೆ ಕಿಸೆಯ ರಿವಾಲ್ವರ್ ಮನೆಯೊಳಗೂ ಕಿಸೆಯಲ್ಲೇ ಉಳಿಯತೊಡಗಿತು, ಸ್ನಾನದ ನಿಲುವಂಗಿಗೂ ಬಂತು. ಒಂದು ಬೆಳಿಗ್ಗೆ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಕಾಫಿ ಆರುವವರೆಗೂ ನೋಡುತ್ತ ಕುಳಿತಿದ್ದಳು. ಸಾಯುವ ಆಸೆಯೇನೂ ಇರಲಿಲ್ಲ. ಬದುಕಿರಬೇಕೆಂಬುದು ಎಲ್ಲೋ ಕಳೆದುಹೋಗಿತ್ತು, ಹುಡುಕುವ ಮನಸ್ಸಿರಲಿಲ್ಲ. ಕೆಲಸಕ್ಕೆ ಹೊತ್ತಾಯಿತೆಂದು ಅಂದು ಎದ್ದಳು. ಆಮೇಲೆ ಹಾಗೆ ಕುಳಿತುಕೊಳ್ಳುವುದು ಅಭ್ಯಾಸವಾಯಿತು. ಇವತ್ತಲ್ಲ, ನಾಳೆ ಎಂದುಕೊಂಡು ಏಳುವಳು.

ನಿಲುವಂಗಿಯ ಕಿಸೆಯನ್ನು ಮೊದಲು ಕಂಡವಳು ಓಲೀಟಾ. ಡಾಯ್ಲ್‌ನ ಅಕ್ಕ. ಬಾಯಿ ಜೋರು, ಎದೆ ಪುಕ್ಕಲು. ಮರುವಾರವೇ ಬಂದು, "ನೋಡೇ ವರ್ಲೀನ್, ನನ್ನ ಮೊಮ್ಮಗಳು ಬಂದೂಕು ಹೊಡೆಯೋದು ಕಲೀತಾಳಂತೆ. ನಿನ್ನ ಪುಟಾಣೀನ ಸ್ವಲ್ಪ ದಿನ ಕೊಟ್ಟಿರ್ತೀಯಾ?" ಎಂದಳು.

"ಅವಳ ಕೈಗೆ ಅದು ಒದೆಯುತ್ತೆ. ಗಾರ್ಲಂಡ್ ಹತ್ರ ಸಣ್ಣದು ಬಾಡಿಗೆಗೆ ಸಿಗುತ್ತೆ," ಎಂದಳು ವರ್ಲೀನ್.

ಅದಾದ ಮೇಲೆ ಗಾರ್ಲಂಡ್‌ನೇ ಚರ್ಚಿನ ಬುಧವಾರದ ಊಟದಲ್ಲಿ ಪಕ್ಕಕ್ಕೆ ಬಂದು ಕುಳಿತ. ತಟ್ಟೆಯಲ್ಲಿದ್ದ ಹುರುಳಿಕಾಯಿಯನ್ನೇ ನೋಡುತ್ತ ಹೇಳಿದ: "ನಿನ್ನ ಮಾದರಿಯದರಲ್ಲಿ ಏನೋ ದೋಷ ಇದೆಯಂತೆ. ತಂದುಕೊಡು, ಕಂಪನಿಗೆ ಕಳಿಸ್ತೀನಿ. ಒಂದು ಮೂರು ನಾಲ್ಕು ತಿಂಗಳು ಹಿಡಿಯುತ್ತೆ."

"ಯಾರು ಹೇಳಿಕೊಟ್ರು ಇದನ್ನ?"

ಗಾರ್ಲಂಡ್‌ನ ಕಿವಿ ಕೆಂಪಾಯಿತು. "ಯಾರೂ ಇಲ್ಲ."

ಅವಳಿಗೆ ಈ ಸುಳ್ಳಿನ ಹೊಲಿಗೆಯೆಲ್ಲ ಗೊತ್ತು. ಮರೆವು ಹಿಡಿದ ಮುದುಕರು ಬಂದೂಕೆಲ್ಲಿ ಎಂದು ಮನೆಯೆಲ್ಲ ರಂಪ ಮಾಡಿದಾಗ, 'ಶುಚಿ ಮಾಡಿಸೋಕೆ ಕೊಟ್ಟಿದ್ದೀವಿ ಅಣ್ಣ, ಸೋಮವಾರ ಬರುತ್ತೆ' ಎಂದು ಅವಳೇ ಎಷ್ಟೋ ಸಲ ಹೇಳಿದ್ದಾಳೆ. ಆ ಸೋಮವಾರ ಬಂದದ್ದೇ ಇಲ್ಲ. ಈ ಊರಿನವರು ಹೀಗೆಯೇ. ನೆರೆಯವನ ಮನೆ ಸುಟ್ಟರೆ ಹೊಸ ಮನೆ ಕಟ್ಟಿಕೊಡುತ್ತಾರೆ, ನಿನ್ನ ಮನಸ್ಸಿನಲ್ಲೇನಿದೆ ಎಂದು ಒಂದು ಮಾತು ಕೇಳು ಎಂದರೆ ಬೂಟಿನ ತುದಿ ನೋಡುತ್ತಾರೆ. ಕತೆ ಹೇಳುವ ನನಗೆ ಇವರ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ವರ್ಲೀನ್‌ಗೆ ಸಿಟ್ಟೂ ಬರಲಿಲ್ಲ. ತಟ್ಟೆ ತೊಳೆದಿಟ್ಟು ಮನೆಗೆ ಹೋದಳು.

ಅವಳ ದಿನದ ಮೊದಲ ಮನೆ ಐನಾ ಥ್ರೆಲ್‌ಕೆಲ್ಡ್‌ಳದು. ತೊಂಬತ್ತರ ಹತ್ತಿರದ ಮುದುಕಿ. ಸೊಂಟದ ಕೆಳಗೆ ಸ್ವಾಧೀನವಿಲ್ಲ, ನಾಲಿಗೆಗೆ ಯಾವ ರೋಗವೂ ಇಲ್ಲ. ಶಿಕ್ಷಕಿಯಾಗಿದ್ದವಳೂ ಅಲ್ಲ, ಪಾದ್ರಿಯ ಹೆಂಡತಿಯೂ ಅಲ್ಲ, ಕಾಲ್ಚೀಲದ ಕಾರ್ಖಾನೆಯಲ್ಲಿ ಬೆರಳು ಸವೆಸಿದವಳು. ಅವಳ ಮನೆಗೆ ಆಯುಧ ತರಕೂಡದೆಂದು ಮೊದಲ ದಿನವೇ ಕಟ್ಟಪ್ಪಣೆ. ವರ್ಲೀನ್ ಅದನ್ನು ಕಾರಿನಲ್ಲಿ ಬೀಗ ಹಾಕಿಟ್ಟು ಒಳಗೆ ಬರುತ್ತಿದ್ದಳು. ಈಚೆಗೆ ಇಡುತ್ತಿರಲಿಲ್ಲ.

ಜೂನ್‌ನ ಆ ಬೆಳಿಗ್ಗೆ ವರ್ಲೀನ್ ಎಂದಿನಂತೆ ಮುದುಕಿಯನ್ನು ಮಂಚದ ಅಂಚಿಗೆ ಕೂರಿಸಿ, ಅವಳ ಎರಡೂ ತೋಳು ತನ್ನ ಕುತ್ತಿಗೆಗೆ ಹಾಕಿಸಿಕೊಂಡು, ಅವಳ ಸೊಂಟಕ್ಕೆ ಕಟ್ಟಿದ ಪಟ್ಟಿ ಹಿಡಿದು ಎತ್ತಿದಳು. ಇನ್ನೇನು ತಿರುಗಿ ಗಾಲಿಕುರ್ಚಿಗೆ ಇಳಿಸಬೇಕು, ಅಷ್ಟರಲ್ಲಿ ಐನಾ ಬೆರಳಿಗೆ ಬೆರಳು ಹೆಣೆದು ಕುತ್ತಿಗೆಯನ್ನು ಬಿಗಿಯಾಗಿ ಹಿಡಿದುಬಿಟ್ಟಳು.

"ಏ ಹುಡುಗಿ," ಎಂದಳು. ವರ್ಲೀನ್‌ಗೆ ಐವತ್ತೆಂಟು. "ಆ ಕಬ್ಬಿಣ ಮತ್ತೆ ನನ್ನ ಹೊಟ್ಟೆಗೆ ಒತ್ತುತಾ ಇದೆ."

"ಮರೆತೆ ಮಿಸ್ ಐನಾ. ನಾಳೆ ಕಾರಲ್ಲೇ ಇಟ್ಟು ಬರ್ತೀನಿ. ಕೂತ್ಕೊಳ್ಳಿ."

"ಕೂರಲ್ಲ. ನಿನ್ನೆನೂ ನಾಳೆ ಅಂದೆ. ನೀನು ಮರೆಯೋ ಪೈಕಿ ಅಲ್ಲ."

"ಕೈ ಬಿಡಿ. ನನ್ನ ಸೊಂಟ ಹಿಡ್ಕೊಳ್ಳುತ್ತೆ."

"ಹಿಡ್ಕೊಳ್ಳಲಿ. ಬೇಕಾದ್ರೆ ಬೀಳ್ಸು, ನಂದೇನು ಹೋಗುತ್ತೆ?" ಮುದುಕಿಯ ಬಾಯಿ ಅವಳ ಕಿವಿಯ ಹತ್ತಿರವೇ ಇತ್ತು. ಧ್ವನಿ ಏರಲಿಲ್ಲ. "ಗುಂಡು ಹೊಡ್ಕೊಂಡು ಸಾಯ್ಬೇಕು ಅಂತಿದೀಯಾ ವರ್ಲೀನ್?"

ಗೋಡೆಯ ಮೇಲೆ ಯಾವುದೋ ಔಷಧದಂಗಡಿಯ ಕ್ಯಾಲೆಂಡರಿತ್ತು. ವರ್ಲೀನ್ ಅದನ್ನೇ ನೋಡುತ್ತಿದ್ದಳು. ಇಲ್ಲ ಎನ್ನುವುದು ಸುಲಭವಿತ್ತು. ಆದರೆ ಕೈಯಲ್ಲಿ ಮನುಷ್ಯರ ಭಾರವಿದ್ದಾಗ ಸುಳ್ಳಿಗೆ ಬೇಕಾದ ಶಕ್ತಿ ಎಲ್ಲಿಂದ ತರುವುದು?

"ಹೂಂ," ಎಂದಳು.

ಐನಾ ದೇವರನ್ನು ಕರೆಯಲಿಲ್ಲ, ಬೆಚ್ಚಲೂ ಇಲ್ಲ. "ಸರಿ. ಈಗ ಕೂರ್ಸು. ನೀನೂ ಕೂತ್ಕೋ. ಓಲೀಟಾಗೆ ಫೋನ್ ಮಾಡು, ನನ್ನ ಎದುರಿಗೇ ಮಾಡು."

"ನಿಮ್ಮ ತಿಂಡಿ?"

"ತಿಂಡಿ ಹಾಳಾಗ್ಲಿ. ನನ್ನ ಕೈ ಹಿಡ್ಕೊಂಡು ಮಾಡು."

ಓಲೀಟಾ ಬರುವಾಗ ಗಾರ್ಲಂಡ್‌ನನ್ನೂ ಎಳೆದುಕೊಂಡೇ ಬಂದಳು. ಅವಳ ಕಾಲಿಗೆ ಮನೆಯ ಚಪ್ಪಲಿ, ಕೂದಲು ಗುಂಗುರಾಗಲೆಂದು ಸುತ್ತಿದ ಸುರುಳಿ ತಲೆಯಲ್ಲಿ ಹಾಗೇ ಇತ್ತು. ವರ್ಲೀನ್ ಕಿಸೆಯಿಂದ ರಿವಾಲ್ವರ್ ತೆಗೆದು, ಮೂತಿಯನ್ನು ನೆಲಕ್ಕೆ ಮಾಡಿ ಕೊಟ್ಟಳು. ಗಾರ್ಲಂಡ್ ಗುಂಡಿನ ಗೂಡನ್ನು ಪಕ್ಕಕ್ಕೆ ತೆರೆದು ಎಲ್ಲವನ್ನೂ ಅಂಗೈಗೆ ಸುರಿದುಕೊಂಡ. ಈ ಸಲ ನೆಪ ಹೇಳಲಿಲ್ಲ. "ಇದು ನನ್ನ ತಿಜೋರಿಯಲ್ಲಿರುತ್ತೆ. ನೀನು ಕೇಳಿದ ಮಾತ್ರಕ್ಕೆ ಕೊಡಲ್ಲ ತಾಯಿ," ಎಂದ.

"ಕೊಡಬೇಡ," ಎಂದಳು ಅವಳು.

ಓಲೀಟಾಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ನಾನೇ ಕೇಳ್ಬೇಕಿತ್ತು ಕಣೇ. ಕೇಳಿದ್ರೆ ಎಲ್ಲಿ ಹೂಂ ಅಂದುಬಿಡ್ತೀಯೋ ಅಂತ..."

"ಕೇಳಿದ್ರೆ ಅಂತಿದ್ದೆ," ಎಂದಳು ವರ್ಲೀನ್. ಅದರಲ್ಲಿ ದೂರಿರಲಿಲ್ಲ.

ಐನಾಳ ಬಳಿಗೆ ಬೇರೆಯವಳನ್ನು ಕರೆಸಿ, ಓಲೀಟಾ ಆಗಲೇ ವರ್ಲೀನ್‌ಳನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಪಟ್ಟಣದ ಡಾಕ್ಟರ ಬಳಿಗೆ ಹೊರಟಳು. ದಾರಿಯಲ್ಲಿ ಹುಲ್ಲು ಕೊಯ್ಯುತ್ತಿದ್ದರು. ನದಿಯ ಸೇತುವೆ ದಾಟಿದ ಮೇಲೆ ವರ್ಲೀನ್‌ಳ ಮೊಣಕಾಲು ನಡುಗತೊಡಗಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದಳು, ನಡುಕ ನಿಲ್ಲಲಿಲ್ಲ.

"ಓಲೀಟಾ, ಗಾಡಿ ನಿಲ್ಸು."

ಓಲೀಟಾ ಗಾಬರಿಯಾಗಿ ಪಕ್ಕಕ್ಕೆ ತಂದು ನಿಲ್ಲಿಸಿದಳು. "ಏನಾಯ್ತೇ?"

"ನಾನು ಸತ್ತುಹೋಗಿಬಿಡ್ತಿದ್ದೆ. ನಂಗೆ ಹೆದರಿಕೆ ಆಗ್ತಾ ಇದೆ."

ಫೆಬ್ರವರಿಯಿಂದ ಈಚೆಗೆ ಅವಳಿಗೆ ಏನಾದರೂ ಅನ್ನಿಸಿದ್ದು ಇದೇ ಮೊದಲು. ಓಲೀಟಾ ಎಂಜಿನ್ ಆರಿಸಿ, ಅವಳ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಹೆದರ್ಕೋ," ಎಂದಳು. "ಚೆನ್ನಾಗಿ ಹೆದರ್ಕೊಳೇ ನನ್ನಮ್ಮ. ನಾನಿಲ್ಲೇ ಇರ್ತೀನಿ."