ದಾಸವಾಳದ ಗಿಡದಲ್ಲಿ ಕಡಜದ ಗೂಡು

ಇವತ್ತು ಸಂಜೆ ನಿಂಬೆಯ ಪರಿಮಳದ ಪಾತ್ರೆ ಸೋಪನ್ನು ಸ್ಪ್ರೇ ಬಾಟಲಿಗೆ ಸುರಿದು ನೀರು ಬೆರೆಸುತ್ತಿದ್ದೆ. ಪಾತ್ರೆ ತೊಳೆಯುವುದಕ್ಕಲ್ಲ. ಕೊಲ್ಲಿ ದೇಶದ ಬನಿಯಾಸಿನಲ್ಲಿ ನಾನೀಗಿರುವ ಈ ಮನೆಯ ಗೇಟಿನ ಪಕ್ಕದ ಪೊದೆಯಲ್ಲಿ ಕಡಜ ಗೂಡು ಕಟ್ಟಿದೆ. ಸೋಪಿನ ವಾಸನೆ ಮೂಗಿಗೆ ಬಡಿದದ್ದೇ ಅಲ್ ಐನ್‌ನ ಚಿಕ್ಕಮ್ಮ ನೆನಪಾದರು. ನಿಮಗೂ ಅವರ ಪರಿಚಯ ಮಾಡಿಸಬೇಕು.

ಚಿಕ್ಕಮ್ಮ ಇದೇ ದೇಶದ ಆ ಊರಿನ ಆಸ್ಪತ್ರೆಯಲ್ಲಿ ನರ್ಸ್. ಯೂನಿವರ್ಸಿಟಿಯಲ್ಲಿ ಓದುವಾಗ ನಾನು ಅವರ ಮನೆಯಲ್ಲೇ ಇದ್ದೆ. ಅಂಗಳದಲ್ಲೊಂದು ದಾಸವಾಳದ ಗಿಡ. ಊರಿಂದ ತಂದ ಗೆಲ್ಲು ನೆಟ್ಟದ್ದು ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ನರ್ಸರಿಯಿಂದ ತಂದದ್ದು ಎಂದು ಚಿಕ್ಕಮ್ಮ ಅಡುಗೆಮನೆಯಿಂದಲೇ ತಿದ್ದುತ್ತಿದ್ದರು.

ಒಮ್ಮೆ ನಾವೆಲ್ಲ ರಜೆ ಮುಗಿಸಿ ಹಿಂದಿರುಗಿದಾಗ ಆ ಗಿಡದೊಳಗೆ ಕಡಜದ ಗೂಡಿತ್ತು. ಬೇರೆಯವರ ಮನೆಯಲ್ಲಾದರೆ ಸಣ್ಣ ವಿಷಯ. ಆದರೆ ಚಿಕ್ಕಮ್ಮನ ಮಗಳು ಅನ್ವಿಗೆ ಹಿಂದೊಮ್ಮೆ ಕಡಜ ಕಚ್ಚಿ, ಗಂಟಲು ಬಾತು, ಉಸಿರೇ ನಿಲ್ಲುವಂತಾಗಿತ್ತು. ಇನ್ನೊಮ್ಮೆ ಕಚ್ಚಿದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಮರುದಿನ ಶಾಲೆ ಶುರು. ಬಸ್ಸಿಗೆ ಹೋಗುವ ದಾರಿ ಆ ಗಿಡವನ್ನು ಸವರಿಕೊಂಡೇ ಇತ್ತು. ಹುಳಕ್ಕೆ ಮದ್ದು ಹೊಡೆಯುವವರು ವಾರ ಬಿಟ್ಟು ಬರುತ್ತೇವೆಂದರು.

ಚಿಕ್ಕಪ್ಪ ತೆಂಗಿನ ಸಿಪ್ಪೆ ಹುಡುಕತೊಡಗಿದರು. "ಊರಲ್ಲಿ ನಾವು ಹೊಗೆ ಹಾಕಿಯೇ ಓಡಿಸುದು."

"ಹಾಕಿ ಮಾರಾಯ್ರೆ. ಹುಳ ಅಡುಗೆಮನೆಗೆ ಬರ್ತದೆ, ಫೈರ್ ಇಂಜಿನ್ ಗೇಟಿಗೆ ಬರ್ತದೆ," ಎಂದರು ಚಿಕ್ಕಮ್ಮ. "ಬಂದವರಿಗೆಲ್ಲ ಚಾ ನೀವೇ ಮಾಡಿ."

ಆದರೆ ಅವರು ಮೊದಲು ಹೋದದ್ದು ಗೂಡಿನ ಕಡೆಗಲ್ಲ. ಅನ್ವಿಯನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡು ಪಕ್ಕದ ಮನೆಯ ಐರಿನ್ ಬಾಯಿಯ ಬಾಗಿಲು ತಟ್ಟಿದರು. ಮಗುವನ್ನೂ, ಕಚ್ಚಿದರೆ ತಕ್ಷಣ ಕೊಡಬೇಕಾದ ಅವಳ ಇಂಜೆಕ್ಷನ್ನನ್ನೂ ಒಪ್ಪಿಸಿ, ಅದನ್ನು ತೊಡೆಗೆ ಹೇಗೆ ಚುಚ್ಚಬೇಕೆಂದು ತೋರಿಸಿ, "ನಿಮ್ಮವರು ಕಾರಿನ ಕೀ ಹಿಡ್ಕೊಂಡು ಕೂತಿರ್ಲಿ" ಎಂದರು. ನಾನಾದರೋ ಉಪ್ಪು ಮುಗಿದರೆ ಸಪ್ಪೆ ಉಣ್ಣುವವಳೇ ಹೊರತು ಪಕ್ಕದ ಮನೆಯಲ್ಲಿ ಕೇಳುವವಳಲ್ಲ.

"ಮನೆಯ ವಿಷಯ ಎಲ್ಲರಿಗೂ ಯಾಕೆ, ಚಿಕ್ಕಮ್ಮ?"

"ಮತ್ತೆ ಯಾವಾಗ ಹೇಳುದು? ಕಚ್ಚಿದ ಮೇಲಾ?"

ಹೊತ್ತು ಮುಳುಗಿ ಹುಳಗಳು ಗೂಡು ಸೇರಿದ ಮೇಲೆ, ಅಲ್ ಐನ್‌ನಲ್ಲಿ ಮಳೆಗೆ ಒಮ್ಮೆಯೂ ನೆನೆಯದ ಚಿಕ್ಕಪ್ಪನ ರೈನ್‌ಕೋಟು ತೊಟ್ಟು, ಮುಖಕ್ಕೆ ದುಪಟ್ಟಾ ಸುತ್ತಿ, ಸೋಪುನೀರಿನ ಬಾಟಲಿ ಹಿಡಿದು ಚಿಕ್ಕಮ್ಮ ಅಂಗಳಕ್ಕಿಳಿದರು. ಸೋಪುನೀರಿಗೆ ರೆಕ್ಕೆ ಒದ್ದೆಯಾದ ಹುಳಗಳು ಹಾರಲಾರದೆ ಉದುರಿದವು. ಗೂಡಿದ್ದ ಗೆಲ್ಲನ್ನು ಕತ್ತರಿಸಿ ಕಸದ ಚೀಲಕ್ಕೆ ಹಾಕಿ ಗಂಟು ಬಿಗಿದರು. ರೋಗಿಯ ಬ್ಯಾಂಡೇಜು ಬಿಚ್ಚುವಾಗಿನ ನಿಧಾನವೇ ಆ ಕೈಯಲ್ಲಿತ್ತು.

ಅಷ್ಟರಲ್ಲಿ ತಡವಾಗಿ ಬಂದ ಕಡಜವೊಂದು ಕತ್ತರಿಸಿದ ಗೆಲ್ಲನ್ನು ಸುತ್ತತೊಡಗಿತು.

"ಪಾಪ, ಮನೆ ಹುಡುಕ್ತಾ ಉಂಟು," ಎಂದರು. ಹಾಗೆನ್ನುತ್ತಲೇ ಅದಕ್ಕೂ ಸೋಪುನೀರು ಹೊಡೆದರು. ನಾನು ಅವರನ್ನು ಅಷ್ಟು ಮೆಚ್ಚಿಕೊಂಡ ಗಳಿಗೆ ಬೇರೆಯಿಲ್ಲ.

"ಆಲ್ ಗಾನ್?" ಐರಿನ್ ಬಾಯಿಯ ಕಿಟಕಿಯಿಂದ ಅನ್ವಿ ಕೂಗಿದಳು.

"ಖಲಾಸ್," ಎಂದರು ಚಿಕ್ಕಮ್ಮ. ಮರುದಿನ ಅವಳು ಗಿಡದ ಕಡೆ ತಿರುಗಿಯೂ ನೋಡದೆ ಬಸ್ಸಿಗೆ ಓಡಿದಳು.

ನನ್ನ ಬಾಟಲಿ ತುಂಬಿತು. ಕತ್ತಲಾಗಲು ಇನ್ನೂ ಸಮಯವಿತ್ತು. ಎದುರುಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಬಂದಾಗಿನಿಂದ ಆ ಮನೆಯವರಿಗೆ ನಾನು ಕೊಟ್ಟದ್ದು ಅರ್ಧ ನಗು ಮಾತ್ರ. ಬಾಟಲಿ ಕೆಳಗಿಟ್ಟು ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದ ಹೆಂಗಸಿಗೆ ಹೆಸರೂ ಹೇಳಿಕೊಳ್ಳದೆ ಇಂಗ್ಲಿಷಿನಲ್ಲಿ ಕೇಳಿದೆ: ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಕಡಜ ಕಚ್ಚಿದರೆ ತೊಂದರೆಯಾಗುತ್ತದೆಯೇ?

ಅವರು ಬಾಗಿಲನ್ನು ಪೂರ್ತಿ ತೆರೆದು, ಒಳಗೆ ಬನ್ನಿ ಎಂದರು.